ಚಿಮಣಿಯಿಂದ ಹೋಗಬೇಕಿದ್ದವರಿಗೆ

ಡಾಕ್ಟರ್ ಅಂಕಲ್,

ಶುಗರ್ ಲ್ಯಾಂಡಿನ ನಿಮ್ಮ ಮನೆಯಲ್ಲೇ, ಊಟದ ಮೇಜಿನ ಮುಂದೆ ಕೂತು ಇದನ್ನು ಬರೆಯುತ್ತಿದ್ದೇನೆ. ಆಂಟಿ ಊಟ ಮಾಡಿ ಮಲಗಿದ್ದಾರೆ. ಅವರು ಏಳುವುದರೊಳಗೆ ನಿಮ್ಮ ಎಂಜಿನ್ನಿನ ಸುದ್ದಿ ಹೇಳಿ ಮುಗಿಸಬೇಕು. ಒಳ್ಳೆಯ ಸುದ್ದಿಯಲ್ಲ, ಮೊದಲೇ ಹೇಳಿಬಿಡುತ್ತೇನೆ.

ನನ್ನನ್ನು ಮೊದಲ ಸಲ ಅದರ ಹತ್ತಿರ ಕರೆದೊಯ್ದ ಶನಿವಾರ ನೆನಪಿದೆಯೇ? ಕನ್ನಡ ಸಂಘದ ರಾಜ್ಯೋತ್ಸವದ ಊಟದಲ್ಲಿ, ರಿಫೈನರಿಯ ಪೈಪುಗಳ ದಪ್ಪ ಅಳೆಯುವುದು ನನ್ನ ಕೆಲಸ ಎಂದು ಬಾಯಿಬಿಟ್ಟದ್ದೇ ನನ್ನ ತಪ್ಪು. ಮುಂದಿನ ವಾರವೇ ನನ್ನ ಅಪಾರ್ಟ್‌ಮೆಂಟಿನ ಕೆಳಗೆ ಬಂದು ಹಾರ್ನ್ ಹೊಡೆದಿರಿ. ಆಸ್ಟಿನ್ನಿನಾಚೆಯ ಗುಡ್ಡಗಳಲ್ಲಿ ಪ್ರವಾಸಿಗರನ್ನು ಸುತ್ತಾಡಿಸುವ ಒಂದು ಪುಟ್ಟ ರೈಲು ಕಂಪನಿ, ಅದಕ್ಕೆ ಉಳಿದಿದ್ದ ಒಂದೇ ಒಂದು ಉಗಿ ಎಂಜಿನ್. ವಾರವಿಡೀ ಆಪರೇಷನ್ ಥಿಯೇಟರಿನಲ್ಲಿ ಜನರಿಗೆ ಅರಿವಳಿಕೆ ಕೊಡುವ ನೀವು ಅಲ್ಲಿ ಎಂಜಿನ್ನಿನ ಒಲೆಯ ಬೆಂಕಿ ನೋಡಿಕೊಳ್ಳುವ, ಸಂಬಳವಿಲ್ಲದ ಫೈರ್‌ಮನ್. ಮುಖವೆಲ್ಲ ಮಸಿ, ಹಲ್ಲು ಮಾತ್ರ ಬಿಳಿ. ಆಂಟಿ ಆ ಎಂಜಿನ್ನಿಗೆ ‘ಸವತಿ’ ಎಂದೇ ಹೆಸರಿಟ್ಟಿದ್ದರು.

ಗಾಡಿ ಏರು ಹತ್ತುವಾಗ ನೀವು ಉರಿಯುವ ಒಲೆಗೆ ಮರಳು ಹಾಕಿದ್ದನ್ನು ನೋಡಿ ನಾನು ಬೆಚ್ಚಿಬಿದ್ದಿದ್ದೆ. ಎಣ್ಣೆ ಉರಿಸುವ ಎಂಜಿನ್, ಒಳಗಿನ ಕೊಳವೆಗಳಲ್ಲಿ ಮಸಿ ಕಟ್ಟುತ್ತದೆ, ಅದನ್ನು ಕೆರೆದು ತೆಗೆಯುವುದಕ್ಕೆ ಇದೇ ಉಪಾಯ ಎಂದು ಆಮೇಲೆ ವಿವರಿಸಿದಿರಿ. ಬೆಂಕಿಯ ಬಾಗಿಲಿಗೆ ಒಂದು ಸಲಿಕೆ ಮರಳು ಹಿಡಿದರೆ ಸಾಕು, ಜೋರಾಗಿ ಎಳೆಯುತ್ತಿರುವ ಎಂಜಿನ್ ತಾನೇ ಅದನ್ನು ಒಳಗೆ ಸೆಳೆದುಕೊಂಡು, ಕೊಳವೆಗಳನ್ನೆಲ್ಲ ತಿಕ್ಕಿಸಿಕೊಂಡು, ಕಪ್ಪು ಹೊಗೆಯ ಜೊತೆ ಆಕಾಶಕ್ಕೆ ಉಗುಳುತ್ತದೆ. ಆ ಗದ್ದಲದಲ್ಲಿ ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದಿರಿ, “ನಾ ಹೋದ ಮ್ಯಾಲೆ ನನ್ನ ಬೂದಿನೂ ಉಸುಕಿನ್ಯಾಗ ಕಲಸಿ ಹಿಂಗ ಒಂದು ಸಲಿಕಿ ಹಾಕಿಬಿಡು. ಚಿಮಣಿಯಾಗಿಂದ ಹೊಂಟ್ಹೋಗ್ತೀನಿ.” ನಾನು ನಕ್ಕೆ. ನೀವೂ ನಕ್ಕಿರಿ.

ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿ ಅದನ್ನೇ ಮತ್ತೆ ಹೇಳಿದಾಗ ನೀವು ನಗಲಿಲ್ಲ. ಅಷ್ಟು ಹೊತ್ತಿಗೆ ಎಂಜಿನ್ ರಿಪೇರಿಗೆಂದು ಶೆಡ್ ಸೇರಿ ಎಷ್ಟೋ ಕಾಲವಾಗಿತ್ತು, ಚಕ್ರಗಳನ್ನು ಕಳಚಿಟ್ಟಿದ್ದರು. ಅದು ಓಡುವ ದಿನ ನನ್ನನ್ನೂ ಕಳಿಸಿ ಎಂದಿರಿ. ಆಂಟಿ ಹೂಂ ಎಂದರು, ನಾನೂ ಹೂಂ ಎಂದೆ. ಇನ್ನೇನು ಅನ್ನುವುದಿತ್ತು? ಸ್ವಲ್ಪ ಕಾಯಬಾರದಿತ್ತೇ ನೀವು? ಎಲ್ಲರಿಗೂ ತಾಳ್ಮೆಯ ಪಾಠ ಹೇಳುತ್ತಿದ್ದವರು…

ದಹನ ಮುಗಿಸಿ ಬಂದ ದಿನ ಆಂಟಿ ನಿಮ್ಮ ಅಸ್ಥಿಯ ಪೆಟ್ಟಿಗೆಯನ್ನು ಗರಾಜಿನ ಶೆಲ್ಫಿನ ಮೇಲಿಟ್ಟರು. ಅಸ್ಥಿ ಮನೆಯೊಳಗೆ ಬರಕೂಡದಲ್ಲ. ಈ ಊರಲ್ಲಿ ಅದನ್ನು ಕಟ್ಟಿ ತೂಗುಹಾಕಲು ಮನೆಯ ಹೊರಗೆ ಮರವೆಲ್ಲಿದೆ? ಹತ್ತು ದಿನದೊಳಗೆ ನೀರಿಗೆ ಬಿಡಬೇಕಿತ್ತು. ಬಿಡಲಿಲ್ಲ. ಧಾರವಾಡದಿಂದ ನಿಮ್ಮ ಅಕ್ಕ ಫೋನ್ ಮಾಡಿ ಮಾಡಿ ಬೈದರು, ತಮ್ಮನನ್ನು ಕಾರಿನ ಪಕ್ಕ ಕೂರಿಸಿದ್ದೀಯಲ್ಲ ಎಂದು ಅತ್ತರು. ದೇವಸ್ಥಾನದ ಭಟ್ಟರು ಇದು ಸರಿಯಲ್ಲಮ್ಮ ಎಂದರು. ಆಂಟಿ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ದಿನಾ ಬೆಳಿಗ್ಗೆ ಗರಾಜಿಗೆ ಹೋಗಿ ಒಂದು ತುಳಸಿ ದಳ ಇಟ್ಟು, ಅಂದಿನ ಅಡುಗೆ ಏನೆಂದು ನಿಮಗೆ ಹೇಳಿ ಬರುತ್ತಿದ್ದರು. ವರ್ಷದ ತಿಥಿ ಹತ್ತಿರ ಬರುತ್ತಿತ್ತು, ನಿಮ್ಮ ಎಂಜಿನ್ ಮಾತ್ರ ಏಳುತ್ತಿರಲಿಲ್ಲ.

ಹೋದ ತಿಂಗಳು ಬಾಯ್ಲರಿನ ತಗಡುಗಳ ದಪ್ಪ ಅಳೆಯಲು ಕಂಪನಿಯವರು ನನ್ನನ್ನೇ ಕರೆದರು. ಆ ಪರೀಕ್ಷೆ ಆಗದೆ ಬೆಂಕಿ ಹಚ್ಚುವಂತಿಲ್ಲ. ಚಕ್ರ, ಕೊಳವೆ ಎಲ್ಲ ಸಿದ್ಧವಾಗಿದ್ದವು, ಉಳಿದದ್ದು ಅದೊಂದೇ. ನಿಮ್ಮ ಎಂಜಿನ್ ಡ್ರೈವರ್ ರಾಯ್, ಪಾಪ, ಹೊಸ ಅಂಗಿ ಹಾಕಿಕೊಂಡು ಬಂದಿದ್ದ. ಜೆಲ್ ಹಚ್ಚಿ ಒಲೆಯ ಪಕ್ಕದ ತಗಡಿಗೆ ಮೀಟರ್ ಒತ್ತಿದೆ. ಹೊರಗಿನಿಂದ ಕಲ್ಲಿನಂತಿದ್ದ ತಗಡನ್ನು ನೀರು ಒಳಗಿನಿಂದ ತಿಂದು ತಿಂದು ಹಪ್ಪಳ ಮಾಡಿಟ್ಟಿತ್ತು. ಇನ್ನೊಂದು ಕಡೆ ನೋಡು ಎಂದ ರಾಯ್. ನೋಡಿದೆ, ಅಲ್ಲಿ ಇನ್ನೂ ತೆಳ್ಳಗಿತ್ತು.

ಆಮೇಲೆ ಅವನು ನನ್ನನ್ನು ಪಕ್ಕಕ್ಕೆ ಕರೆದು, ಒಂದೇ ಒಂದು ಸಲ, ಕಡಿಮೆ ಒತ್ತಡದಲ್ಲಿ, ಡಾಕ್ಟರಿಗೋಸ್ಕರ ಓಡಿಸೋಣ, ನೀನು ಪಾಸ್ ಎಂದು ಬರೆದುಬಿಡು ಎಂದು ಬೇಡಿಕೊಂಡ. ನನಗೆ ಆಸೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಏರಿನಲ್ಲಿ ಆ ಕಪ್ಪು ಹೊಗೆ ಎದ್ದದ್ದು ಕಣ್ಣಿಗೆ ಕಟ್ಟಿದ ಹಾಗಾಯಿತು. ಆದರೆ ಬಾಯ್ಲರ್ ಒಡೆದರೆ ಅದರ ಮುಂದೆಯೇ ನಿಲ್ಲುವವನು ರಾಯ್. ಅವನನ್ನೂ ನಿಮ್ಮ ಜೊತೆ ಕಳಿಸಲೇ? ಆಗುವುದಿಲ್ಲ ಎಂದು ಬರೆದುಕೊಟ್ಟೆ. ಹಾಗಾದರೆ ಚಿಂದಿಬಟ್ಟೆಗೆ ಎಣ್ಣೆ ಸುರಿದು ಒಲೆಯೊಳಗೆ ಸುಮ್ಮನೆ ಬೆಂಕಿ ಮಾಡಿ ಅದಕ್ಕೇ ಬೂದಿ ಹಾಕೋಣವೇ ಎಂದ. ನಿಂತ ಎಂಜಿನ್ ಏನನ್ನು ಸೆಳೆದೀತು ಅಂಕಲ್? ನೀವು ಅಲ್ಲೇ ತಳದಲ್ಲಿ ಬಿದ್ದಿರುತ್ತಿದ್ದಿರಿ, ಯಾರೋ ಬಂದು ಗುಡಿಸುತ್ತಿದ್ದರು. ನೀವು ಕೇಳಿದ್ದು ಒಂದೇ ಒಂದು. ಅದಕ್ಕೂ ಮಣ್ಣು ಹಾಕಿದವಳು ನಾನೇ.

ನಿಮ್ಮ ಮನೆಗೆ ಬಂದು ಇದನ್ನು ಹೇಳಿದಾಗ ಆಂಟಿ ಚಪಾತಿ ಲಟ್ಟಿಸುತ್ತಿದ್ದರು. ಬಯ್ಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು. ಕೈಯಲ್ಲಿದ್ದ ಚಪಾತಿ ಬೇಯಿಸಿ ನನಗೆ ಬಡಿಸಿ, “ನೀ ಸುಳ್ಳ ಬರದು ಕೊಟ್ಟಿದ್ರ ಅವರು ನಿನ್ನ ಮಾರಿ ನೋಡ್ತಿದ್ದಿಲ್ಲ. ಉಣ್ಣು,” ಎಂದರು.

ಹೊಸ ಬಾಯ್ಲರ್ ಮಾಡಿಸುವ ತಾಕತ್ತು ಆ ಕಂಪನಿಗೆಲ್ಲಿದೆ? ಎಂಜಿನ್ನನ್ನು ಗುಜರಿಗೆ ಕೊಟ್ಟರು. ನಿನ್ನೆ ಕತ್ತರಿಸಿದರು. ಬೇಡ ಎಂದರೂ ಕೇಳದೆ ಆಂಟಿ ಬಂದರು, ನಿಮ್ಮ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕಾರಿನಲ್ಲಿ ಕೂತರು. ಗ್ಯಾಸಿನ ಉರಿ ಮೊದಲು ಚಿಮಣಿಯನ್ನೇ ಕತ್ತರಿಸಿತು. ಅದು ನೆಲಕ್ಕೆ ಬಿದ್ದಾಗ, ಇಷ್ಟು ವರ್ಷ ಸವತಿ ಎಂದು ಬೈದವರು, ಸತ್ತವರ ಮನೆಯಲ್ಲಿ ಅಳುವ ಹಾಗೆ ಬಾಯಿಬಿಟ್ಟು ಅತ್ತರು. ನಿಮ್ಮ ದಹನದ ದಿನ ಕೂಡ ಅವರು ಹಾಗೆ ಅತ್ತಿರಲಿಲ್ಲ.

ಹಿಂದಕ್ಕೆ ಬರುವಾಗ ದಾರಿಯುದ್ದಕ್ಕೂ, ಇನ್ನು ನಿಮ್ಮನ್ನು ಯಾವ ನದಿಗೆ, ಯಾವ ಸಮುದ್ರಕ್ಕೆ ಬಿಡುವುದು ಎಂದು ಯೋಚಿಸುತ್ತಿದ್ದೆ. ಗರಾಜಿನಲ್ಲಿ ಕಾರು ನಿಲ್ಲಿಸಿ, ಶೆಲ್ಫಿನಲ್ಲಿ ಇಡೋಣವೆಂದು ಪೆಟ್ಟಿಗೆಗೆ ಕೈ ಚಾಚಿದೆ. ಆಂಟಿ ಕೊಡಲಿಲ್ಲ. ಅದನ್ನು ಎದೆಗವಚಿಕೊಂಡು ಮನೆಯ ಬಾಗಿಲಿನ ಕಡೆ ನಡೆದರು. ಒಳಗೆ ತರಬಾರದು ಅಂತಾರಲ್ವಾ ಆಂಟಿ ಎಂದೆ.

“ಹೋಗಾವ್ರು ಅಂತ ಹೊರಗ ಇಟ್ಟಿದ್ದೆ,” ಎಂದರು. “ಇನ್ನ ಎಲ್ಲಿಗೆ ಹೋಗ್ತಾರವಾ? ಬರ್ಲಿ ಒಳಗ.”

ಅವರ ಎರಡು ಕೈಗಳಲ್ಲೂ ನೀವಿದ್ದಿರಿ. ಬಾಗಿಲನ್ನು ನಾನೇ ತೆಗೆದೆ.