ಖಾಲಿ ಕಪಾಟಿನ ಲೈಬ್ರರಿ

ಶಾಖಾ ಗ್ರಂಥಾಲಯ
ಮಾರ್ಚ್ ೯, ಸೋಮವಾರ ಸಂಜೆ

ರೀ,

ಅಭ್ಯಾಸಬಲದಿಂದ ಮೊದಲು ‘ಮಾನ್ಯರೇ’ ಅಂತ ಬರೆದು, ಆಮೇಲೆ ಹೊಡೆದುಹಾಕಿದೆ. ಗುರುತು ಕಂಡರೆ ಕಾಣಲಿ. ಒಂದೂವರೆ ವರ್ಷದಿಂದ ನಾವಿಬ್ಬರೂ ಬರೆದುಕೊಂಡಿದ್ದೆಲ್ಲ ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಶುರುವಾಗುವ ಕಾಗದಗಳೇ. ನೀವು ರಾಜಧಾನಿಯಲ್ಲಿ, ಗ್ರಂಥಾಲಯ ಇಲಾಖೆಯ ಅನುದಾನ ಶಾಖೆಯಲ್ಲಿ. ನಾನು ಇಲ್ಲಿ, ಈ ಒಂದು ಕೋಣೆಯ ಲೈಬ್ರರಿಯಲ್ಲಿ. ಜಗಳವಾಡಿ ಮಾತು ಬಿಟ್ಟ ಗಂಡ ಹೆಂಡತಿ ಬೇಕಾದಷ್ಟು ಜನ ಇದ್ದಾರೆ. ಮಾತು ಬಿಟ್ಟ ಮೇಲೂ ಸರ್ಕಾರಿ ಖರ್ಚಿನಲ್ಲಿ, ಪತ್ರ ಸಂಖ್ಯೆ ಹಾಕಿ, ನಕಲು ಇಟ್ಟುಕೊಂಡು ಬರೆದುಕೊಂಡವರು ನಾವೇ ಇರಬೇಕು. ಇದು ನನ್ನ ಸ್ವಂತ ಅಂಚೆಚೀಟಿ ಹಚ್ಚಿದ ಕಾಗದ, ಫೈಲಿಗೆ ಸೇರಿಸಬೇಡಿ.

ನಿಮಗೆ ಬಡ್ತಿ ಬಂದಾಗ ನಾನು ಬರುವುದಿಲ್ಲ ಎಂದೆ. ನಾನು ಮುಖ್ಯವೋ ಆ ಲೈಬ್ರರಿ ಮುಖ್ಯವೋ ಎಂದು ಕೇಳಿದಿರಿ. ಸೂಟ್‌ಕೇಸು ಹಿಡಿದು ಬಾಗಿಲಲ್ಲಿ ನಿಂತವರು ಕೇಳುವ ಪ್ರಶ್ನೆಯೇ ಅದು? ಲೈಬ್ರರಿಯಲ್ಲಿ ಕೊನೇಪಕ್ಷ ತೆಗೆದ ವಸ್ತುವನ್ನು ತೆಗೆದ ಜಾಗದಲ್ಲಿ ಇಡುತ್ತಾರೆ ಎಂದು ನಾನೂ ಬಾಯಿಗೆ ಬಂದದ್ದು ಅಂದುಬಿಟ್ಟೆ. ಏಕೆಂದರೆ ಅಷ್ಟು ಹೊತ್ತಿಗೆ ನೀವು ನಮ್ಮ ಗೋಡೆ ಗಡಿಯಾರವನ್ನು ರಿಪೇರಿ ಮಾಡುತ್ತೇನೆಂದು ಬಿಚ್ಚಿ, ಊಟದ ಮೇಜಿನ ತುಂಬ ಹರಡಿ ವಾರ ಕಳೆದಿತ್ತು. ಆ ಚಕ್ರ, ಮುಳ್ಳು, ತಿರುಪು ಎಲ್ಲ ಈಗ ಬಿಸ್ಕತ್ತಿನ ಡಬ್ಬಿಯಲ್ಲಿವೆ. ಗೋಡೆಯ ಮೇಲೆ ದುಂಡನೆಯ ಗುರುತು ಮಾತ್ರ ಇದೆ.

ಹಳೆಯದು ಇರಲಿ. ಜನವರಿಯಲ್ಲಿ ನಿಮ್ಮ ಶಾಖೆಯಿಂದ ಸುತ್ತೋಲೆ ಬಂತು. ಕಟ್ಟಡ, ಕರೆಂಟು ಪುರಸಭೆಯದು. ಪುಸ್ತಕ, ಪತ್ರಿಕೆ, ನನ್ನ ಸಂಬಳ ರಾಜ್ಯ ಸರ್ಕಾರದ್ದು. ಇಷ್ಟು ವರ್ಷ ಹೀಗೇ ನಡೆದುಕೊಂಡು ಬಂದಿತ್ತು. ಇನ್ನು ಮೇಲೆ ಜನ ಮನೆಗೆ ಎಷ್ಟು ಪುಸ್ತಕ ಒಯ್ಯುತ್ತಾರೆ ಎನ್ನುವುದನ್ನು ನೋಡಿಯೇ ಸರ್ಕಾರ ಹಣ ಕೊಡುವುದಂತೆ. ಒಯ್ಯುವವರು ಕಡಿಮೆಯಾದರೆ ಶಾಖೆಗೆ ಬೀಗ, ಬದಲಿಗೆ ತಿಂಗಳಿಗೊಮ್ಮೆ ಪುಸ್ತಕದ ವ್ಯಾನು. ಸುಳ್ಳು ಲೆಕ್ಕ ಬರೆಯಬಾರದೆಂದು ಇನ್ನೊಂದು ನಿಯಮ ಬೇರೆ: ಯಾರ ಕಾರ್ಡಿನ ಮೇಲೆ ಪುಸ್ತಕ ಹೋಗಿದೆಯೋ ಅವರೇ ಖುದ್ದಾಗಿ ಬಂದು ಹಿಂತಿರುಗಿಸಬೇಕು. ಇಂಥ ನಿಯಮ ನಿಮ್ಮನ್ನು ಬಿಟ್ಟು ಇನ್ಯಾರ ತಲೆಯಲ್ಲೂ ಹುಟ್ಟುವುದಿಲ್ಲ. ಕೆಳಗೆ ನಿಮ್ಮದೇ ರುಜು, ಬಾಲ ಉದ್ದ ಬಿಟ್ಟಿದ್ದು. ಜೊತೆಗಿದ್ದ ಪಟ್ಟಿಯಲ್ಲಿ, ಮುಚ್ಚಬಹುದಾದ ಶಾಖೆಗಳ ಪೈಕಿ ಮೊದಲನೆಯದೇ ನಮ್ಮದು.

ನನಗೆ ಮೈಯೆಲ್ಲ ಉರಿದುಹೋಯಿತು. ಹೆಂಡತಿಯನ್ನು ಕರೆಸಿಕೊಳ್ಳಲಾರದೆ ಈ ಮನುಷ್ಯ ಹೆಂಡತಿಯ ಲೈಬ್ರರಿಗೇ ಬೀಗ ಹಾಕಿಸಲು ಹೊರಟಿದ್ದಾನೆ ಅಂದುಕೊಂಡೆ. ಏಕವಚನ ಮನಸ್ಸಿನಲ್ಲಿ ಮಾತ್ರ, ಗಾಬರಿಯಾಗಬೇಡಿ. ಅಂದು ಊಟ ಸೇರಲಿಲ್ಲ. ಈ ಕೋಣೆ ಹೋದರೆ ನನಗೆ ಉಳಿಯುವುದೇನು ಎಂದು ಯೋಚಿಸುತ್ತ ಕೂತಿದ್ದೆ.

ನಮ್ಮ ಕೋಣೆ ನಿಮಗೆ ಗೊತ್ತಲ್ಲ. ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಜನ. ಕುರ್ಚಿ ಸಿಗದವರು ಕಿಟಕಿಯ ಕಟ್ಟೆಯ ಮೇಲೆ. ಆದರೆ ಪುಸ್ತಕ ಮನೆಗೆ ಒಯ್ಯುವವರು ಬೆರಳೆಣಿಕೆ. ಆಸ್ಪತ್ರೆಯ ನರ್ಸ್ ರಾತ್ರಿ ಪಾಳಿ ಮುಗಿಸಿ ನೇರ ಇಲ್ಲಿಗೆ ಬಂದು ಒಂದು ಗಂಟೆ ಓದಿಯೇ ಮನೆಗೆ ಹೋಗುವುದು. ಮನೆಯಲ್ಲಿ ಅವಳಿ ಮಕ್ಕಳು, ಜೋರಾಗಿ ಹಚ್ಚಿದ ಟೀವಿ. ನಿವೃತ್ತ ಬಸ್ ಕಂಡಕ್ಟರ್‌ಗೆ ಮನೆಯಲ್ಲಿ ಜಾಗವೂ ಇದೆ, ಶಾಂತಿಯೂ ಇದೆ. ಅವರಿಗೆ ಸುತ್ತ ಜನ ಇಲ್ಲದಿದ್ದರೆ ಓದಿದ್ದು ತಲೆಗೆ ಹತ್ತುವುದಿಲ್ಲವಂತೆ. ಇಲ್ಲಿ ಕೂತು ಓದಿದ್ದು ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಸರ್ಕಾರದ ಕಣ್ಣಿಗೆ ನಮ್ಮ ಲೈಬ್ರರಿಯಲ್ಲಿ ನೊಣವೂ ಹಾರುತ್ತಿರಲಿಲ್ಲ.

ಆಮೇಲೆ ಆದದ್ದಕ್ಕೆ ಯಾರು ಕಾರಣ ಎಂದು ಕೇಳಬೇಡಿ. ಕಂಡಕ್ಟರ್ ಎಂದೇ ಇಟ್ಟುಕೊಳ್ಳಿ. ಮಾರನೆಯ ದಿನ ಅವರು ಬಾಗಿಲಲ್ಲಿ ನಿಂತು, ಪುಸ್ತಕ ಇಲ್ಲದೆ ಯಾರೂ ಇಳಿಯೋ ಹಾಗಿಲ್ಲ ಎಂದು ಕೂಗತೊಡಗಿದರು. ಹತ್ತಿದವರನ್ನೆಲ್ಲ ಪುಸ್ತಕ ಕೊಡಿಸಿಯೇ ಇಳಿಸಿದರು. ನನಗೆ ಮೊಹರು ಒತ್ತಿ ಒತ್ತಿ ಕೈ ಬಿದ್ದುಹೋಯಿತು. ಮೊದಲು ಕಾದಂಬರಿಗಳು ಖಾಲಿಯಾದವು. ಆಮೇಲೆ ಅಡುಗೆ, ಆಮೇಲೆ ಚರಿತ್ರೆ. ಕೊನೆಗೆ ಉಳಿದ ಕೋಳಿ ಸಾಕಣೆಯ ಪುಸ್ತಕವನ್ನು ಹಲ್ಲಿನ ಡಾಕ್ಟರು ಹೊತ್ತುಕೊಂಡು ಹೋದರು. ಫೆಬ್ರವರಿ ಮಧ್ಯಕ್ಕೆ ಕಪಾಟಿನಲ್ಲಿ ಧೂಳು ಬಿಟ್ಟರೆ ಏನೂ ಇರಲಿಲ್ಲ. ಆ ಧೂಳನ್ನೂ ಒರೆಸಿಬಿಟ್ಟೆ.

ಆದರೆ ಜನ ತಮ್ಮ ಚಾಳಿ ಬಿಡಬೇಕಲ್ಲ. ಸಂಜೆ ಒಯ್ದ ಪುಸ್ತಕವನ್ನು ಬೆಳಿಗ್ಗೆ ಚೀಲದಲ್ಲಿ ಹಾಕಿಕೊಂಡು ಬಂದು, ಇಲ್ಲೇ ಕೂತು ಓದಿ, ಮತ್ತೆ ಮನೆಗೆ ಒಯ್ಯುವುದು. ಪುಸ್ತಕಗಳು ದಿನಾ ಕೆಲಸಕ್ಕೆ ಬಂದು ಹೋಗುವವರ ಹಾಗೆ ಓಡಾಡತೊಡಗಿದವು.

ಇಂಥ ಹೊತ್ತಿನಲ್ಲೇ, ಮುನ್ಸೂಚನೆ ಇಲ್ಲದೆ, ನಿಮ್ಮ ಇಲಾಖೆಯ ತಪಾಸಣಾಧಿಕಾರಿ ಬಂದರು. ಮಳೆಯ ಸುಳಿವಿಲ್ಲದಿದ್ದರೂ ಕೊಡೆ ಹಿಡಿದುಕೊಂಡು ಬರುವವರು, ಅವರೇ. ಬಾಗಿಲಲ್ಲೇ ನಿಂತು ಕಪಾಟುಗಳನ್ನು ನೋಡಿದರು. ಆ ತುದಿಯಿಂದ ಈ ತುದಿಯವರೆಗೆ ಬೋಳು ಹಲಗೆ. ತಿರುಗಿ ನೋಡಿದರೆ ಕೋಣೆ ಕಿಕ್ಕಿರಿದಿದೆ, ಎಲ್ಲರೂ ತಲೆ ಬಗ್ಗಿಸಿ ಓದುತ್ತಿದ್ದಾರೆ. ಪುಸ್ತಕಗಳೆಲ್ಲಿ ಎಂದು ಕೇಳಿದರು. ಎಲ್ಲ ಮನೆಗೆ ಹೋಗಿವೆ ಸರ್ ಎಂದೆ. ಹಾಗಾದರೆ ಇವರ ಕೈಯಲ್ಲಿರುವುದೇನು ಎಂದರು. ಅವೇ, ಎಂದೆ. ಕಾಲ ಕೆಳಗಿನ ನೆಲ ಬಾಯಿ ಬಿಡಬಾರದೇ ಅನಿಸಿತು.

ಅವರು ನರ್ಸ್ ಹತ್ತಿರ ಹೋಗಿ, ಇಲ್ಲೇ ಓದುವುದಾದರೆ ಮನೆಗೆ ಯಾಕೆ ಒಯ್ಯುತ್ತೀರಿ ಎಂದು ಕೇಳಿದರು. ಆಕೆ ಹಾಳೆಯಿಂದ ತಲೆಯನ್ನೂ ಎತ್ತದೆ, ಮನೇಲಿ ಓದೋಕಾಗಲ್ಲ ಸರ್, ಆದ್ರೆ ತಗೊಂಡು ಹೋಗದೇ ಇದ್ರೆ ಇದನ್ನ ಮುಚ್ತಾರಂತೆ ಅಂದಳು. ಕೆಡಿಸಿದಳಲ್ಲ ಎಂದು ನಾನು ಹಣೆ ಚಚ್ಚಿಕೊಂಡೆ. ಅಧಿಕಾರಿ ಕೂರಲು ಕುರ್ಚಿ ಹುಡುಕಿದರು. ಕಂಡಕ್ಟರ್ ತಮ್ಮ ಜಾಗ ಬಿಟ್ಟು ಅಲುಗಾಡಲಿಲ್ಲ, ಸ್ವಲ್ಪ ಒಳಗಡೆ ನಡೀರಿ, ಹಿಂದೆ ಜಾಗ ಇದೆ ಅಂದರು. ಆ ದೊಡ್ಡ ಮನುಷ್ಯ ಕೊನೆಗೆ ನಾನು ಮೇಲಿನ ಹಲಗೆಗೆ ಹತ್ತುವ ಸ್ಟೂಲಿನ ಮೇಲೆ, ಕೊಡೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ನೋಡುತ್ತಲೇ ಇದ್ದರು. ಆಮೇಲೆ ನಕ್ಕರು, ಗದ್ದಲವಾಗದಂತೆ ಬಾಯಿಗೆ ಕರವಸ್ತ್ರ ಒತ್ತಿಕೊಂಡು.

ಹೊರಗೆ ಮೆಟ್ಟಿಲ ಮೇಲೆ ಚಹಾ ಕುಡಿಯುತ್ತ, ಈ ಉಪಾಯ ಯಾರದಮ್ಮ ಎಂದು ಕೇಳಿದರು. ನನ್ನದೇ ಎಂದೆ. ನಿಮಗೂ ಈಗ ತಿಳಿಯಿತು. ಆಗ ಅವರು ಹೇಳಿದ್ದು ಕೇಳಿ. ಪಟ್ಟಿ ಮಾಡಿದ್ದು ಮೇಲಿನವರಂತೆ. ಅನುದಾನ ಶಾಖೆಯಲ್ಲೊಬ್ಬ ಹಟಮಾರಿ ಇದ್ದಾನಂತೆ, ಸುತ್ತೋಲೆಗೆ ರುಜು ಹಾಕಲೇಬೇಕಾಗಿ ಬಂದರೂ, ಕಣ್ಣಾರೆ ನೋಡದೆ ಒಂದು ಶಾಖೆಗೂ ಬೀಗ ಹಾಕಕೂಡದು ಎಂದು ಮುಚ್ಚುವ ಫೈಲನ್ನು ಮತ್ತೆ ಮತ್ತೆ ವಾಪಸ್ ಕಳಿಸಿದನಂತೆ. ಮೇಲಿನವರ ಹತ್ತಿರ ಬೈಸಿಕೊಂಡನಂತೆ. ಅವನ ಕಾಟ ತಡೆಯಲಾರದೆಯೇ ತಾವು ಇಷ್ಟು ದೂರ ಬಂದದ್ದಂತೆ. ಪಾಪ, ಒಂಟಿ ಆಸಾಮಿ, ಡಬ್ಬಿ ಊಟ, ರಜೆಯ ದಿನವೂ ಆಫೀಸಲ್ಲೇ ಇರ್ತಾನೆ, ಮನೆಮಠ ಏನಾಗಿದೆಯೋ ಎಂದರು. ನಾನು ಹೌದಾ ಎಂದೆ. ಚಹಾ ಬಹಳ ಬಿಸಿಯಿತ್ತು, ಕಣ್ಣಲ್ಲಿ ನೀರು ಬಂತು.

ಇವತ್ತು ಮಂಜೂರಾತಿ ಪತ್ರ ಬಂದಿದೆ. ಕಳಿಸಿದವರು ನೀವೇ ಆದ್ದರಿಂದ ನಿಮಗೆ ಹೇಳಬೇಕಿಲ್ಲ, ಆದರೂ ಹೇಳುವ ಆಸೆ. ಶಾಖೆ ಮುಚ್ಚುವುದಿಲ್ಲ. ಇಲ್ಲಿ ಕೂತು ಓದಿದವರೂ ಇನ್ನು ಲೆಕ್ಕಕ್ಕೆ. ಹೊಸ ಕುರ್ಚಿಗಳಿಗೆ, ಇನ್ನೆರಡು ಫ್ಯಾನಿಗೆ ಹಣ. ನಾನು ಜೋರಾಗಿ ಓದಿ ಹೇಳಿದಾಗ ಕೋಣೆಯಲ್ಲಿ ಎದ್ದ ಗಲಾಟೆಗೆ ‘ನಿಶ್ಶಬ್ದ’ ಎಂದು ಬರೆದ ಬೋರ್ಡೇ ಓರೆಯಾಯಿತು. ಕೊನೆಯಲ್ಲಿ ಒಂದು ಷರತ್ತಿದೆ: ಎರವಲು ಹೋದ ಪುಸ್ತಕಗಳೆಲ್ಲ ಕಪಾಟಿಗೆ ಮರಳಿ, ತಪಾಸಣೆಯಾದ ಮೇಲೆಯೇ ಹಣ ಬಿಡುಗಡೆ. ಮಧ್ಯಾಹ್ನದಿಂದ ಜನ ಸಾಲಾಗಿ ನಿಂತು ಕೊಟ್ಟುಹೋದರು. ಹಲ್ಲಿನ ಡಾಕ್ಟರು ಮಾತ್ರ ಕೋಳಿ ಪುಸ್ತಕವನ್ನು ಒಲ್ಲದ ಮನಸ್ಸಿನಿಂದ ಕೊಟ್ಟರು. ಈಗ ಕಪಾಟು ತುಂಬಿದೆ. ಒಂದೇ ಒಂದು ಪುಸ್ತಕ ಬರಬೇಕು. ಆ ಸದಸ್ಯರು ಊರಲ್ಲಿಲ್ಲ. ಅವರು ಬರುವ ತನಕ ಕುರ್ಚಿಯೂ ಇಲ್ಲ, ಫ್ಯಾನೂ ಇಲ್ಲ.

ನಿಮ್ಮನ್ನು ತಪ್ಪು ತಿಳಿದಿದ್ದೆ. ನೀವೂ ಒಂದು ಸಾಲು ಬರೆದು ಹೇಳಬಹುದಿತ್ತು, ‘ಮಾನ್ಯರೇ’ ಎಂದಾದರೂ. ಇಬ್ಬರಿಗೂ ಬಿಂಕ ಸ್ವಲ್ಪ ಹೆಚ್ಚೇ. ನನಗೆ ನಿಮ್ಮ ಮೇಲೆ ಈಗ ಎಳ್ಳಷ್ಟೂ ಸಿಟ್ಟಿಲ್ಲ. ನಿಮ್ಮ ನೆನಪಾಗುತ್ತದೆ, ಬಾಗಿಲು ಹಾಕುವ ಹೊತ್ತಿಗೆ ಜಾಸ್ತಿ. ಶನಿವಾರ ಬೆಳಿಗ್ಗೆ ಅಲ್ಲಿಂದ ನೇರ ಬಸ್ಸಿದೆ ಎಂದು ಕಂಡಕ್ಟರ್ ತಾವಾಗಿಯೇ ವಿಚಾರಿಸಿಕೊಂಡು ಬಂದು ಹೇಳಿದ್ದಾರೆ. ನಾನು ಕೇಳಿರಲಿಲ್ಲ. ಎಡಗಡೆ ಕೂತರೆ ಬಿಸಿಲು ಬೀಳುವುದಿಲ್ಲವಂತೆ.

ಇಂತಿ,
ಕೋಣೆಯಲ್ಲಿ ಎಲ್ಲರಿಗಿಂತ ಜೋರಾಗಿ ಮಾತಾಡುತ್ತೇನೆಂದು ನೀವೇ ಹೆಸರಿಟ್ಟ,
ನಿಮ್ಮ ‘ನಿಶ್ಶಬ್ದ’

ತಾ.ಕ.: ನಿಮ್ಮ ಹಳೆಯ ಕಾರ್ಡು ನನ್ನ ಡ್ರಾಯರಿನಲ್ಲೇ ಇತ್ತು. ಗಡಿಯಾರ ರಿಪೇರಿಯ ಪುಸ್ತಕವನ್ನು ಅದರ ಮೇಲೆ ಬರೆದುಕೊಂಡು ಮನೆಗೆ ಒಯ್ದಿದ್ದೇನೆ. ನೀವು ಅರ್ಧಕ್ಕೆ ಮಡಿಸಿಟ್ಟ ಹಾಳೆ ಹಾಗೇ ಇದೆ. ಊಟದ ಮೇಜಿನ ಮೇಲೆ, ಬಿಸ್ಕತ್ತಿನ ಡಬ್ಬಿಯ ಪಕ್ಕದಲ್ಲಿ ಇಟ್ಟಿದ್ದೇನೆ. ಬೇರೆಯವರು ತಂದುಕೊಟ್ಟರೆ ನಾನು ತೆಗೆದುಕೊಳ್ಳುವ ಹಾಗಿಲ್ಲ, ನಿಯಮ ನಿಮ್ಮದೇ. ಆದರೆ ಉಳಿದರ್ಧ ಓದಿ, ಗಡಿಯಾರ ಗೋಡೆಗೆ ಏರುವ ತನಕ ವಾಪಸ್ ಕೊಡಲು ಅವಸರ ಮಾಡಬೇಡಿ. ಕಿಟಕಿಯ ಕಟ್ಟೆಯವರು ಕಾಯುತ್ತಾರೆ, ನಾನು ಹೇಳಿದ್ದೇನೆ.