ಸಲೂನಿನವನು ಕೂಗಲಿಲ್ಲ

ಮಾರ್ಚ್ 9, ಭಾನುವಾರ

ಚೆಂಡು ನನ್ನ ಬ್ಯಾಟಿಗೆ ತಾಗಿತ್ತು. ಇಲ್ಲಾದ್ರೂ ಬರೆದು ಹಾಕ್ತೀನಿ, ಇಲ್ದಿದ್ರೆ ನಿದ್ದೆ ಹತ್ತಲ್ಲ.

ನಮ್ಮ ಕ್ಲಬ್ಬಿನ ಹೊಸ ಪೆವಿಲಿಯನ್‌ಗೆ ದುಡ್ಡು ಕೂಡಿಸೋಕೆ ಇವತ್ತು ಪಕ್ಕದ ಊರಿನವರ ಜೊತೆ ಪಂದ್ಯ. ನಾವು ಹೊಡೆಯೋ ಒಂದೊಂದು ರನ್ನಿಗೂ ಐದು ಹೆಂಚಿನ ದುಡ್ಡು ಕೊಡ್ತೀನಿ ಅಂತ ಮಾವ ಮಾತು ಕೊಟ್ಟಿದ್ರು. ನಾನಿನ್ನೂ ನಾಲ್ಕು ರನ್ನಲ್ಲಿದ್ದೆ. ಟಿಕ್ ಅಂತು, ಚೆಂಡು ಹೋಗಿ ಅವರ ಕೀಪರ್ ಕೈಲಿ ಕೂತಿತು. ಕೀಪರ್ ಅಂದ್ರೆ, ಹದಿನೈದು ವರ್ಷದಿಂದ ನನ್ನ ತಲೆಗೂದಲು ಕತ್ತರಿಸೋ ಸಲೂನಿನವನು. ಗಾಳಿ ಬೀಸಿದ್ರೂ ಔಟ್ ಅಂತ ಗಂಟಲು ಹರ್ಕೊಳ್ಳೋ ಆಸಾಮಿ. ಇವತ್ತು ತುಟಿ ಪಿಟಕ್ ಅನ್ನಲಿಲ್ಲ. ಅಂಪೈರ್ ಮೇಷ್ಟ್ರ ಕಿವಿ ಮೊದಲೇ ಮಂದ. ನಾನೇ ಹೊರಟುಬಿಡೋಣ ಅಂತ ಹೆಜ್ಜೆ ಎತ್ತಿದೆ.

"ನಿಂತ್ಕೊಳೋ ಸುಮ್ನೆ," ಅಂದ ಸಲೂನಿನವನು ಹಿಂದಿನಿಂದ ಮೆಲ್ಲಗೆ. "ಮಳೆ ಬಂದ್ರೆ ನಾವೂ ಅದೇ ಸೂರಿನ ಕೆಳಗೆ ತಾನೇ ನುಗ್ಗೋದು?"

ನಿಂತೆ. ಐವತ್ತೆಂಟು ಹೊಡೆದೆ. ಅವರು ಮೂರೇ ರನ್ನಲ್ಲಿ ಸೋತ್ರು. ನಮ್ಮವರು ನನ್ನನ್ನ ಹೆಗಲ ಮೇಲೆ ಹೊತ್ತು ಕುಣಿದ್ರು, ಅವನೂ ಚಪ್ಪಾಳೆ ತಟ್ಟಿದ. ಮನೆಗೆ ಬಂದಾಗಿಂದ ಇವಳು ಹೊಗಳ್ತಾನೇ ಇದ್ದಾಳೆ, ನನಗೆ ಕೂತಲ್ಲಿ ಕೂರೋಕಾಗ್ತಿಲ್ಲ.

ನಾಳೆ ಕಟಿಂಗ್‌ಗೆ ಹೋಗ್ಬೇಕು. ಅವನ ಕನ್ನಡಿ ಮುಂದೆ ಕೂತು ಮುಖ ಎಲ್ಲಿಟ್ಕೊಳ್ಳಲಿ? ನಾನೂ ಕೀಪರ್ರೇ. ಅವರ ಪೆವಿಲಿಯನ್‌ಗೆ ಅಂತ ಆಡೋ ಪಂದ್ಯದಲ್ಲಿ ಅವನ ಬ್ಯಾಟಿಗೆ ತಾಗಿ ಚೆಂಡು ನನ್ನ ಕೈಗೆ ಬಂದಿದ್ರೆ, ನಾನು ಸುಮ್ನಿರ್ತಿದ್ನಾ?

ಎರಡೂ ಊರಿಗೆ ಕೇಳೋ ಹಾಗೆ ಕೂಗಿರ್ತಿದ್ದೆ.