ಕ್ರಾಸ್ಲಿಯೊಳಗೆ ಒಂಬತ್ತು ಮಂದಿ

ಚೆಟ್ಟಳ್ಳಿ, ಗುರುವಾರ

ಅಕ್ಕಾ,

ಬದುಕಿದ್ದೇನೆ, ಮೊದಲು ಅದನ್ನು ಓದಿಕೋ.

ಇಲ್ಲಿನ ಕಾಫಿ ತೋಟದಲ್ಲಿ ತುಕ್ಕು ಹಿಡಿದು ನಿಂತಿರುವ ಕಬ್ಬಿಣದ ಗಾಡಿ ಯಾವುದೆಂದು ಗುರುತಿಸಿ ಮ್ಯೂಸಿಯಂಗೆ ವರದಿ ಕೊಡಲು ಬಂದೆನಲ್ಲ, ನೋಡಿದ ಕೂಡಲೇ ಗುರುತು ಹಿಡಿದೆ. ನೂರು ವರ್ಷ ಹಿಂದಿನ, ಬ್ರಿಟಿಷ್ ಸೇನೆಯ ಉಕ್ಕಿನ ಕವಚದ ಕ್ರಾಸ್ಲಿ ಯುದ್ಧಗಾಡಿ! ಒಳಗೆ ತೂರಿ ಕಂಪನಿಯ ಹೆಸರಿನ ಫಲಕ ಉಜ್ಜುತ್ತಿದ್ದೆ. ಅಷ್ಟರಲ್ಲಿ “ಸರ್ಕೊಳ್ಳಿ ಸಾರ್, ಆನೆ!” ಎನ್ನುತ್ತ ಕಾಫಿ ಕೊಯ್ಯುವ ಎಂಟು ಹೆಂಗಸರು ನನ್ನ ಮೇಲೆಯೇ ಬಿದ್ದು ಬಾಗಿಲೆಳೆದುಕೊಂಡರು. ಮೆಷಿನ್ ಗನ್ ಇಡುವ ಕಿಂಡಿಯಲ್ಲಿ ಸೊಂಡಿಲಿನ ತುದಿ ಬಂತು ಅಕ್ಕಾ! ನನ್ನ ಟೋಪಿ ಮೂಸಿತು. ಗಾಡಿ ಅಲುಗಾಡಿತು, ಉಕ್ಕು ಬಗ್ಗಲಿಲ್ಲ.

ಆನೆ ಹೋದ ಮೇಲೆ ಅವರಲ್ಲೊಬ್ಬಳು, ಮಾರಿ, ಎಲೆಯಡಿಕೆ ಬಾಯಿಗೆ ಹಾಕಿಕೊಂಡು ಕೇಳಿದಳು: “ತಿಂಗ್ಳಿಗೆ ಎರಡು ಸಲ ಇದ್ರೊಳಗೇ ಓಡಿ ಬರ್ತೀವಿ. ನೀವು ಇದನ್ನ ತಗೊಂಡೋದ್ರೆ ನಾವೆಲ್ಲಿಗೆ ಓಡೋದು ಸಾರ್?”

ಮೊಣಕಾಲು ತರಚಿದೆ ಅಷ್ಟೆ, ಟಿಟಿ ಇಂಜೆಕ್ಷನ್ ಹಾಕಿಸಿಕೊಂಡೆ. ಕಾರ್ಡಿನಲ್ಲಿ ಜಾಗ ಮುಗಿಯುತ್ತ ಬಂತು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ವರದಿಯಲ್ಲಿ ಸುಳ್ಳು ಬರೆದೆ: “ಗುರುತು ಸಿಗಲಿಲ್ಲ, ಸಾಗಿಸಲು ಯೋಗ್ಯವಲ್ಲ.” ಓದಿದ ಕೂಡಲೇ ಈ ಕಾರ್ಡ್ ಹರಿದುಹಾಕು.

ನಿನ್ನ ತಮ್ಮ,
ಗುರುಪಾದ